ರೊಟ್ಟಿ ಎಂಬ ಪದವಿಲ್ಲದ ಸಂದೇಶ

ನನ್ನ ಹೆಸರು ಅರ್ಧಕ್ಕೇ ನಿಂತಿದೆ ಎಂದು ಮೂವತ್ತೇಳು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಹುಬ್ಬಳ್ಳಿಗೆ ಬಂದ ಎರಡನೇ ದಿನ, ಬೆಂಗೇರಿಯಲ್ಲಿ ಬಾಡಿಗೆ ಕೋಣೆ ಕೇಳಲು ಹೋದ ಮನೆಯ ಮುಂದೆ ಚಪ್ಪಲಿ ಬಿಡುವ ಮೊದಲೇ ಅದು ಗೊತ್ತಾಯಿತು.

"ಹೆಸರ ಏನ್ರಿ ನಿಮ್ದು?"

"ಸುಜಾತ. ಕೆ. ಸುಜಾತ."

"ಅಡ್ಡಹೆಸರ?"

"ಅದೇ, ಕೆ."

"ಒಂದ ಅಕ್ಷರನ? ಉಳದದ್ದ ಎಲ್ಲೈತ್ರಿ?"

ಕೆ ಎಂದರೆ ಕಾಳೇಗೌಡ, ನಮ್ಮಪ್ಪ ಎಂದೆ. ಮನೆಯೊಡತಿ ಕಸ್ತೂರಕ್ಕ ಅಂಗೈಗೆ ಮೆತ್ತಿದ್ದ ಜೋಳದ ಹಿಟ್ಟನ್ನು ಕೊಡವುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದ ನಿಮ್ಮ ಅಪ್ಪಾರ ಹೆಸರಾತ್ರಿ. ನಾ ಮನಿತನದ ಹೆಸರ ಕೇಳಾಕತ್ತೇನಿ. ಹೇಳಬಾರದಂಥಾದ್ದೇನೈತಿ ಅದರಾಗ?"

ಮದ್ದೂರಿನ ನಮ್ಮ ಕಡೆ ಅಡ್ಡಹೆಸರು ಕೇಳುವ ಪದ್ಧತಿಯೇ ಇಲ್ಲ. ಇಲ್ಲಿ ಅದನ್ನು ಕೇಳಿದ ಕೂಡಲೇ ಮನುಷ್ಯನ ಮೂಲ ಊರು, ಹಿರಿಯರ ಕಸುಬು ಎಲ್ಲ ಅಂದಾಜು ಮಾಡಿಬಿಡುತ್ತಾರೆ. ಇಲ್ಲವೆಂದವಳ ಮೇಲೆ ಸಂಶಯ ಬರುವುದು ಸಹಜ. ಓಡಿಬಂದವಳೋ, ಗಂಡನನ್ನು ಬಿಟ್ಟವಳೋ ಎಂದು ಅವರು ಲೆಕ್ಕ ಹಾಕುತ್ತಿದ್ದುದು ನನಗೆ ಕಾಣುತ್ತಿತ್ತು. ನನಗೂ ಅವರ ಮೇಲೆ ಅನುಮಾನ. ಹಿತ್ತಲಲ್ಲಿ ನಾಲ್ಕು ಹೆಂಗಸರು, ಮೂರು ಒಲೆ, ಬೆಳಗಿನಿಂದ ಪಟಪಟ ಸದ್ದು, ಯಾರು ಯಾರೋ ಬಂದು ಗಂಟು ಹೊತ್ತುಕೊಂಡು ಹೋಗುತ್ತಿದ್ದರು. ಅದು ರೊಟ್ಟಿ ಬಡಿಯುವ ಸದ್ದು, ಅವರದು ಖಡಕ್ ರೊಟ್ಟಿಯ ವ್ಯಾಪಾರ ಎಂದು ತಿಳಿಯಲು ಅರ್ಧ ಗಂಟೆ ಬೇಕಾಯಿತು. ಹೀಗೆ ಒಬ್ಬರನ್ನೊಬ್ಬರು ನಂಬದೆಯೇ ಅವರು ಮಾಳಿಗೆಯ ಕೋಣೆ ಕೊಟ್ಟರು, ನಾನು ತೆಗೆದುಕೊಂಡೆ.

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಮೈಸೂರಿನ ಕಚೇರಿ ಮುಚ್ಚಿದ ಮೇಲೆ ನನ್ನನ್ನು ದೇಶಪಾಂಡೆ ನಗರದ ಈ ಕಚೇರಿಗೆ ಹಾಕಿದರು. ಜನ ಆನ್‌ಲೈನ್ ಅರ್ಜಿಗಳಲ್ಲಿ ತುಂಬಿದ್ದನ್ನು ಜರಡಿ ಹಿಡಿಯುವುದು ನನ್ನ ಕೆಲಸ. ಅದಕ್ಕೆ ಬಳಸುವ ಬರಹಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆ, ನಮ್ಮ ಬಾಯಲ್ಲಿ ಅದು ರೆಜೆಕ್ಸ್. ಮೊಬೈಲ್ ನಂಬರ್ ಎಂದರೆ ಹತ್ತು ಅಂಕಿ, ಮೊದಲನೆಯದು ಆರರಿಂದ ಒಂಬತ್ತರೊಳಗೆ. ಪಿನ್‌ಕೋಡ್ ಎಂದರೆ ಆರು ಅಂಕಿ, ಸೊನ್ನೆಯಿಂದ ಶುರುವಾಗಕೂಡದು. ಹೀಗೆ ಒಂದೊಂದು ಮಾಹಿತಿಯ ಆಕಾರವನ್ನು ಚಿಹ್ನೆಗಳಲ್ಲಿ ಬರೆದಿಟ್ಟರೆ, ಆಕಾರ ಕೂಡಿದ್ದನ್ನು ಕಂಪ್ಯೂಟರ್ ಒಳಗೆ ಬಿಡುತ್ತದೆ, ಕೂಡದ್ದನ್ನು ಹೊರಗೆ ತಳ್ಳುತ್ತದೆ. ಉದ್ದನೆಯ ಸಾಲಿನೊಳಗಿಂದ ಬೇಕಾದ ತುಂಡನ್ನಷ್ಟೇ ಕಿತ್ತು ತೆಗೆಯುವುದಕ್ಕೂ ಅದೇ ಉಪಾಯ. ಹದಿನಾಲ್ಕು ವರ್ಷ ಇದನ್ನೇ ಮಾಡಿ ಮಾಡಿ, ಯಾರು ಏನೇ ಹೇಳಿದರೂ ಮೊದಲು ಸುಳ್ಳೆಂದೇ ಹಿಡಿಯುವ ಬುದ್ಧಿ ನನ್ನ ಮೈಗೆ ಹತ್ತಿಬಿಟ್ಟಿದೆ.

ಇಂಥವಳನ್ನು ಈ ಊರು ಮೊದಲ ವಾರವೇ ಕಂಗೆಡಿಸಿತು. ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸು "ಊಟಾ ಆತ್ರೀ?" ಎಂದು ಕೇಳುತ್ತಾಳೆ. ದುರ್ಗದಬೈಲಿನಲ್ಲಿ ಬಳೆ ಅಂಗಡಿಯವರು, ನಾನು ಏನೂ ಕೊಳ್ಳದಿದ್ದರೂ, "ಬರ್ರಿ ಬಾಯಾರ, ಕುಂದರ್ರಿ" ಎನ್ನುತ್ತಾರೆ. ಸಂಜೆಯಾದರೆ ನನ್ನ ಬಾಗಿಲ ಮುಂದೆ ಒಂದು ತಟ್ಟೆ. ಬಿಳಿ ಬಟ್ಟೆಯ ಕೆಳಗೆ ಎರಡು ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ. ಮೊದಲ ದಿನ ಅದನ್ನು ಮುಟ್ಟದೆ ಹಾಗೇ ಕೆಳಗಿಟ್ಟು ಬಂದೆ. ಇದಕ್ಕೆ ಪ್ರತಿಯಾಗಿ ನಾಳೆ ಏನು ಕೇಳುತ್ತಾರೋ ಎಂಬ ಹೆದರಿಕೆ. ಮರುದಿನ ಅದೇ ತಟ್ಟೆ, ಮೂರು ರೊಟ್ಟಿ. ಕಡಿಮೆಯಾಯಿತೆಂದು ಸಿಟ್ಟಾಗಿದ್ದೇನೆ ಎಂದುಕೊಂಡಿದ್ದರಂತೆ! ನಮ್ಮ ಕಡೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿ, ಕೈ ತೊಳೆದು ಎದ್ದುಬಿಡುತ್ತೇವೆ. ಇಲ್ಲಿ ರೊಟ್ಟಿ ಅಗಿಯಬೇಕು, ಅಗಿಯುವಷ್ಟು ಹೊತ್ತು ಎದುರಿಗೆ ಕುಳಿತವರ ಜೊತೆ ಮಾತಾಡಬೇಕು. ನನ್ನ ದವಡೆ ಒಂದು ತಿಂಗಳಿಗೆ ಪಳಗಿತು, ನಾಲಿಗೆಗೆ ಇನ್ನೂ ಹೆಚ್ಚು ದಿನ ಬೇಕಾಯಿತು.

ಒಂದು ಭಾನುವಾರ ಕಸ್ತೂರಕ್ಕ ಫೋನ್ ಹಿಡಿದು ಒದ್ದಾಡುತ್ತಿದ್ದರು. ದಿನಕ್ಕೆ ನೂರಾರು ವಾಟ್ಸಾಪ್ ಸಂದೇಶ. ಶುಕ್ರವಾರಕ್ಕೆ ಐವತ್ತು ಖಡಕ್ ರೊಟ್ಟಿ, ಸೀಮಂತಕ್ಕೆ ಇಪ್ಪತ್ತು ಶೇಂಗಾ ಹೋಳಿಗೆ, ಅವುಗಳ ನಡುವೆ ಹೂವಿನ ಚಿತ್ರದ ಶುಭೋದಯಗಳು. ಹಿಟ್ಟಿನ ಕೈಯಲ್ಲಿ ಒಂದೊಂದನ್ನೇ ಓದುವಷ್ಟರಲ್ಲಿ ಆರ್ಡರ್‌ಗಳು ಒಂದಕ್ಕೊಂದು ಅದಲುಬದಲಾಗುತ್ತಿದ್ದವು. ಇದು ನನ್ನ ಕೈಗೆ ಹೇಳಿ ಮಾಡಿಸಿದ ಕೆಲಸ ಅನ್ನಿಸಿತು. ಫೋನಿನ ಸಂದೇಶಗಳೆಲ್ಲ ದಿನಾ ಲ್ಯಾಪ್‌ಟಾಪಿಗೆ ಇಳಿಯುವಂತೆ ಮಾಡಿ ಒಂದು ರೆಜೆಕ್ಸ್ ಬರೆದೆ. ಮೊದಲು ಸಂಖ್ಯೆ, ಆಮೇಲೆ ತಿನಿಸಿನ ಹೆಸರು, ದಿನ ಹಿಂದೆ ಮುಂದೆ ಎಲ್ಲಿದ್ದರೂ ಸರಿ.

ಮೊದಲ ದಿನವೇ ಎಡವಟ್ಟು. "ನಾಳೆ 100 ರೊಟ್ಟಿ ಬ್ಯಾಡ್ರಿ" ಎಂದು ಯಾರೋ ರದ್ದು ಮಾಡಿದ್ದನ್ನು ನನ್ನ ಜರಡಿ ನೂರು ರೊಟ್ಟಿಯ ಆರ್ಡರ್ ಎಂದೇ ಒಳಗೆ ಬಿಟ್ಟಿತು. ನಾನು ತಡೆಯಲು ಹೇಳಿದ್ದು "ಬೇಡ" ಎಂಬುದನ್ನು, ಈ ಊರಿನವರು ಬರೆಯುವುದು "ಬ್ಯಾಡ". ನಾಲ್ವರೂ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಸರಿಮಾಡಿದೆ. ಕನ್ನಡ ಅಂಕಿ ಸೇರಿಸಿದೆ. ಇಂಗ್ಲಿಷ್ ಅಕ್ಷರದಲ್ಲಿ ರೊಟ್ಟಿ ಎಂದು ಬರೆಯುವವರು ಒಂದು ಟಿ ಹಾಕಲಿ ಎರಡು ಹಾಕಲಿ, ಹಿಡಿಯುವಂತೆ ಮಾಡಿದೆ. ಮೂರು ವಾರ ಕಸ್ತೂರಕ್ಕ ನನ್ನ ಪಟ್ಟಿಯನ್ನು ಫೋನಿನ ಜೊತೆ ಸಾಲು ಸಾಲಾಗಿ ತಾಳೆ ನೋಡಿದರು. ನಾಲ್ಕನೇ ವಾರ ನೋಡುವುದನ್ನು ಬಿಟ್ಟರು. ಫೋನ್ ಗೋಡೆಯ ಗೂಡಿಗೆ ಹೋಯಿತು, ನನ್ನ ಪಟ್ಟಿ ಒಲೆಯ ಪಕ್ಕದ ಗೋಡೆಗೆ ಬಂತು. ಎಲ್ಲ ಪಟ್ಟಿಯಲ್ಲಿ ಬರುತ್ತದಲ್ಲ, ಸುಮ್ಮನೆ ಯಾಕೆ ಗದ್ದಲ, ಫೋನಿನ ಸದ್ದು ಅಡಗಿಸಿಡಿ ಎಂದು ಹೇಳಿದವಳೂ ನಾನೇ. ಹೊಸ ಊರಿನಲ್ಲಿ ನನ್ನ ಮೊದಲ ಗೆಲುವು ಅದು. ಬೀಗಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಆಕಾರ ಕೂಡದ ಸಂದೇಶಗಳು "ಉಳಿದವು" ಎಂಬ ಬೇರೊಂದು ಕಡತಕ್ಕೆ ಹೋಗಿ ಬೀಳುತ್ತಿದ್ದವು. ಅದನ್ನು ನಾನು ಒಮ್ಮೆಯೂ ತೆರೆಯಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ರೊಟ್ಟಿ ಬಡಿಯುವ ರೇಣವ್ವ ತಡವಾಗಿ ಬಂದಳು. ಬಂದವಳು ಕೆಲಸಕ್ಕೆ ಕೂರದೆ ಕಸ್ತೂರಕ್ಕನ ಮುಂದೆ ನಿಂತಳು.

"ಅಕ್ಕಾ, ಗೌರಜ್ಜಿ ಮಣ್ಣಿಗೆ ನೀವ ಯಾಕ ಬಂದಿದ್ದಿಲ್ಲ? ಸಂತ್ಯಾಗ ಅವರ ಓಣ್ಯಾಕಿ ಕೇಳಾಕತ್ತಿದ್ಲು."

ಕಸ್ತೂರಕ್ಕನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಅಲ್ಲೇ ನಿಂತಿತು. "ಯಾವ ಗೌರಜ್ಜಿ? ನಮ್ಮ ಗೌರಜ್ಜಿ?"

ಗೌರಜ್ಜಿಯ ವಿಷಯ ನಾನು ಕೇಳಿದ್ದೆ. ಗಂಡ ತೀರಿಕೊಂಡು, ಮುಂದೆ ಹೇಗೆಂದು ಗೊತ್ತಾಗದೆ ಕುಳಿತಿದ್ದ ಕಸ್ತೂರಕ್ಕನಿಗೆ ಕೈ ಹಿಡಿದು ರೊಟ್ಟಿ ಬಡಿಯಲು ಕಲಿಸಿದವರು ಅವರು. ಆಗ ಪಕ್ಕದ ಮನೆಯಲ್ಲೇ ಇದ್ದರು. ಮಗ ಬೇರೆ ಕಡೆ ಮನೆ ಕಟ್ಟಿಸಿದ ಮೇಲೆ ಊರಿನ ಆಚೆ ತುದಿಗೆ ಹೋದರು. ಹಲ್ಲು ಹೋದ ಮೇಲೂ ಕಸ್ತೂರಿಯ ರೊಟ್ಟಿಯೇ ಬೇಕೆಂದು ತರಿಸಿಕೊಂಡು ಹಾಲಿನಲ್ಲಿ ಮುರಿದು ತಿನ್ನುತ್ತಿದ್ದರಂತೆ. ಅವರು ತೀರಿಕೊಂಡು ಎರಡು ದಿನವಾಗಿತ್ತು, ಮಣ್ಣು ಮಾಡುವುದೂ ಆಗಿಹೋಗಿತ್ತು.

"ನನಗ ಸುದ್ದಿನ ಹಚ್ಚಲಿಲ್ಲಲ್ಲ!" ಎಂದು ಕಸ್ತೂರಕ್ಕ ಕುಸಿದು ಕುಳಿತರು.

"ಫೋನ್‌ಗ ಹಾಕಿವಿ ಅಂತಾರ," ಎಂದಳು ರೇಣವ್ವ.

ನನ್ನ ಬುದ್ಧಿ ಮೊದಲು ಹೋದದ್ದು ಅನುಮಾನದ ಕಡೆಗೇ. "ಅವರು ಕಳಿಸಿಯೇ ಇರೋದಿಲ್ಲ ಅಕ್ಕ. ಮರೆತಿದ್ದಾರೆ, ಈಗ ಹೀಗೆ ಹೇಳ್ತಿದ್ದಾರೆ."

"ಸಾವಿನ ಮನ್ಯಾಗ ಯಾರ ಸುಳ್ಳ ಹೇಳ್ತಾರ್ರಿ?" ಎಂದರು ಕಸ್ತೂರಕ್ಕ.

ಅವರ ಸುಳ್ಳನ್ನು ತೋರಿಸಿಕೊಡಲೆಂದೇ ಮಾಳಿಗೆಗೆ ಓಡಿ ಲ್ಯಾಪ್‌ಟಾಪ್ ತೆರೆದೆ. "ಉಳಿದವು" ಕಡತದಲ್ಲಿ, ಎರಡು ಶುಭೋದಯಗಳ ನಡುವೆ, ಅದು ಇತ್ತು.

"ಅವ್ವ ಇವತ್ತ ಮುಂಜಾನಿ ಲಿಂಗೈಕ್ಯ ಆದ್ಲು. ಮಣ್ಣು ಸಂಜಿ 4ಕ್ಕ. ಮನ್ಯಾಗ ಒಲಿ ಹಚ್ಚಿಲ್ಲ ಅಕ್ಕಾ."

ಜರಡಿ ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡಿತ್ತು. ನಾಲ್ಕು ಎಂಬ ಸಂಖ್ಯೆ ಕಂಡಿತ್ತು, ಅದರ ಮುಂದೆ ತಿನಿಸಿನ ಹೆಸರು ಹುಡುಕಿತ್ತು, ಸಿಗದೆ ಹೊರಗೆ ಹಾಕಿತ್ತು. ಇದು ಆರ್ಡರ್ ಅಲ್ಲ ಎಂಬುದು ಅದರ ತೀರ್ಮಾನ. ಆದರೆ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಮಣ್ಣು ಮುಗಿಸಿ ಬಂದವರಿಗೆ ನೆರೆಯವರೇ ಬುತ್ತಿ ಒಯ್ಯಬೇಕು ಎಂಬುದು ಇಲ್ಲಿಯ ಎಲ್ಲರಿಗೂ ಗೊತ್ತು. ನನಗೇನು ಗೊತ್ತಿಲ್ಲವೇ? ನಮ್ಮ ಮದ್ದೂರಿನಲ್ಲೂ ಹಾಗೇ. ಅಪ್ಪ ಹೋದಾಗ ಹೇಳದೆ ಕೇಳದೆ ಮೂರು ಮನೆಗಳಿಂದ ಅನ್ನ ಸಾರು ಬಂದಿತ್ತು. ಎಷ್ಟು ಜನರಿಗೆ ಎಂದು ಅವರಿಗೆ ಯಾರೂ ಬರೆದು ಕಳಿಸಿರಲಿಲ್ಲ.

ಅಳಿಸಿಬಿಡಬಹುದಿತ್ತು. ಲ್ಯಾಪ್‌ಟಾಪಿನಲ್ಲೂ ಫೋನಿನಲ್ಲೂ ಒಂದೊಂದು ಸಲ ಒತ್ತಿದರೆ ಸಾಕು, ಬಂದೇ ಇಲ್ಲ ಎಂದು ಸಾಧಿಸಬಹುದಿತ್ತು. ನನ್ನ ಬೆರಳು ಅಲ್ಲಿಗೆ ಹೋಗಿಯೂ ಇತ್ತು. ಕೋಣೆ ಖಾಲಿ ಮಾಡು ಎಂದುಬಿಟ್ಟರೆ ಈ ಊರಿನಲ್ಲಿ ನನಗೆ ಬೇರೆ ಯಾರಿದ್ದಾರೆ ಎಂಬ ಭಯ. ಇಷ್ಟು ವರ್ಷ ಪರರ ಸುಳ್ಳು ಹಿಡಿದವಳಿಗೆ ತನ್ನ ಸುಳ್ಳು ಇಷ್ಟು ಹತ್ತಿರ ಇದೆ ಎಂದು ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು. ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ಕೆಳಗೆ ಬಂದು ಕಸ್ತೂರಕ್ಕನ ಮುಂದಿಟ್ಟೆ.

ಅವರು ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದರು. ನಾನು ತಡವರಿಸಿದೆ. "ಇದರಲ್ಲಿ ರೊಟ್ಟಿ ಅಂತ ಎಲ್ಲೂ ಇಲ್ಲ ಅಕ್ಕ. ಎಷ್ಟು ಅಂತಲೂ ಇಲ್ಲ. ಹಾಗಾಗಿ ಅದು ಆಚೆ ಹೋಗಿದೆ."

"ಒಲಿ ಹಚ್ಚಿಲ್ಲ ಅಂತ ಬರದಾನಲ್ಲ," ಎಂದರು ಅವರು. "ಇನ್ನೇನ ಬರೀಬೇಕಿತ್ತು ಆಂವ?"

ಅವರು ಎದ್ದು ಗೋಡೆಯ ಮೇಲಿದ್ದ ಆ ದಿನದ ಪಟ್ಟಿಯನ್ನು ಕಿತ್ತು ರೇಣವ್ವನ ಕೈಗೆ ಕೊಟ್ಟರು. ಗಿರಾಕಿಗಳಿಗೆಲ್ಲ ರೊಟ್ಟಿ ಸಂಜೆಗೆ ಎಂದು ಹೇಳಲು ತಿಳಿಸಿದರು. ಒಂದು ಒಲೆಯ ಮುಂದೆ ತಾವೇ ಕುಳಿತು ಮೆತ್ತನೆಯ ರೊಟ್ಟಿ ಬಡಿಯತೊಡಗಿದರು. ಯಾರನ್ನೂ ಕೈ ಹಾಕಲು ಬಿಡಲಿಲ್ಲ. ಕಣ್ಣೀರು ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ, ಹೆಗಲಿಗೇ ಒರೆಸಿಕೊಳ್ಳುತ್ತಿದ್ದರು. ಬುತ್ತಿ ಕಟ್ಟಿ ಮುಗಿದ ಮೇಲೆ ನನ್ನತ್ತ ತಿರುಗಿ, "ಸೀರಿ ಉಟಗೊಂಡ ಬಾ, ನಡಿ," ಎಂದರು. ಅಷ್ಟು ದಿನ ತಪ್ಪದೆ ಇದ್ದ "ರಿ" ಆ ಮಾತಿನಲ್ಲಿ ಇರಲಿಲ್ಲ.

ಆಟೋದಲ್ಲಿ ಅವರು ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಎಲ್ಲರೆದುರು ನನ್ನನ್ನು ನಿಲ್ಲಿಸಿ, ತಪ್ಪು ಇವಳದು ಎಂದು ತೋರಿಸಿ ತಾವು ಪಾರಾಗಲು ಕರೆದೊಯ್ಯುತ್ತಿದ್ದಾರೆ ಎಂದು ನಾನು ದಾರಿಯುದ್ದಕ್ಕೂ ನಂಬಿದ್ದೆ. ಅವರ ಜಾಗದಲ್ಲಿ ಇದ್ದಿದ್ದರೆ ನಾನು ಹಾಗೇ ಮಾಡುತ್ತಿದ್ದೆ.

ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಗೋಡೆಗೆ ಒರಗಿ ಕುಳಿತಿದ್ದರು. ಕಸ್ತೂರಕ್ಕನನ್ನು ಕಂಡು ಯಾರೂ ಬಾ ಎನ್ನಲಿಲ್ಲ. ಊಟ ಆಯಿತೇ ಎಂದು ಬಸ್ಸಿನಲ್ಲಿ ಅಪರಿಚಿತರನ್ನೂ ಕೇಳುವ ಊರಿನಲ್ಲಿ ಆ ಮೌನ ಎಷ್ಟು ಭಾರ ಎಂಬುದು ನನಗೂ ತಿಳಿಯಿತು. ಗೌರಜ್ಜಿಯ ಮಗ ಒಳಗಿನಿಂದ ಬಂದು ಬುತ್ತಿ ಇಸಿದುಕೊಂಡ. ಐವತ್ತು ದಾಟಿದ ಮನುಷ್ಯ, ಗಂಟನ್ನು ಎದೆಗೆ ಅವಚಿಕೊಂಡು ನಿಂತ.

"ಬುತ್ತಿ ಭಾಳ ಬಂದಿದ್ವು ಅಕ್ಕಾ, ಕಡಿಮಿ ಏನ ಆಗಲಿಲ್ಲ," ಎಂದ. "ಆದ್ರ ಅವ್ವಗ ಎಡಿ ಹಿಡಿಯೂಮುಂದ ನಿನ್ನ ರೊಟ್ಟಿ ಇದ್ದಿದ್ದಿಲ್ಲ. ದಾರಿ ನೋಡಿದ್ವಿ."

ಕಸ್ತೂರಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಗ ಮೂಲೆಯಲ್ಲಿದ್ದ ಮುದುಕಿಯೊಬ್ಬರು ನನ್ನನ್ನು ದಿಟ್ಟಿಸಿ, "ಯಾರ ಈಕಿ? ಯಾರ ಪೈಕಿ?" ಎಂದರು.

ಬಾಡಿಗೆಯವಳು ಎನ್ನಲು ನಾನು ಬಾಯಿ ತೆರೆದಿದ್ದೆ.

"ನಮ್ಮ ಮನ್ಯಾಕಿ," ಎಂದರು ಕಸ್ತೂರಕ್ಕ. "ಫೋನ್ ನೋಡೂ ಕೆಲಸ ಈಕಿದು, ಲಕ್ಷ್ಯ ತಪ್ಪೇತಿ. ಮನಿ ಮಂದಿ ತಪ್ಪು ಅಂದ್ರ ನಂದ ತಪ್ಪು. ಬಯ್ಯೂದಿದ್ರ ನನಗ ಬಯ್ರಿ."

ಯಾರೂ ಬಯ್ಯಲಿಲ್ಲ. ಮುದುಕಿ ಸ್ವಲ್ಪ ಸರಿದು ನನಗೆ ಕೂರಲು ಜಾಗ ಮಾಡಿದರು. ನಾನು ಎಂದೂ ನೋಡಿರದ ಹೆಂಗಸಿಗಾಗಿ ಅಲ್ಲಿ ಕುಳಿತು ಅತ್ತೆ.

ನನ್ನ ತಪ್ಪನ್ನು ಕಸ್ತೂರಕ್ಕ ಮನ್ನಿಸಿದ್ದಾರೋ ಇಲ್ಲವೋ ಗೊತ್ತಿಲ್ಲ. ಆ ಮಾತನ್ನು ಮರ್ಯಾದೆ ಉಳಿಸಿಕೊಳ್ಳಲು ಆಡಿದರೋ, ಮನಸ್ಸಿನಿಂದ ಆಡಿದರೋ ಎಂದು ಈಗಲೂ ನನ್ನೊಳಗೊಂದು ಹುಳು ಕೊರೆಯುತ್ತದೆ. ಪಟ್ಟಿ ಈಗಲೂ ಗೋಡೆಗೆ ಬರುತ್ತದೆ. ಆದರೆ ಫೋನ್ ಗೂಡಿನಿಂದ ಇಳಿದು ಒಲೆಯ ಪಕ್ಕ ಬಂದಿದೆ, ಸದ್ದು ಮಾಡುತ್ತದೆ. ದಿನಾ ಬೆಳಿಗ್ಗೆ, "ನಿನ್ನ ಮಷೀನ ಒಗದದ್ದನ್ನ ಮೊದಲ ಓದು," ಎನ್ನುತ್ತಾರೆ. ನಾನು ಮೆಟ್ಟಿಲ ಮೇಲೆ ಕುಳಿತು ಶುಭೋದಯಗಳನ್ನೂ ಬಿಡದೆ ಗಟ್ಟಿಯಾಗಿ ಓದುತ್ತೇನೆ. ಹೆಂಗಸರು ರೊಟ್ಟಿ ಬಡಿಯುತ್ತ ಒಂದೊಂದಕ್ಕೂ ಏನಾದರೂ ಅನ್ನುತ್ತಾರೆ.

ಕಳೆದ ವಾರ ಹಾಗೆ ಓದುತ್ತಿರುವಾಗ ಊರಿನಿಂದ ಅಮ್ಮನ ಫೋನ್ ಬಂತು. ಎದುರು ಮನೆಯ ಪುಟ್ಟತಾಯಮ್ಮ ಹೋಗಿ ಮೂರು ದಿನವಾಗಿತ್ತು. ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷ ನನಗೆ ಎರಡು ಹೊತ್ತೂ ಅನ್ನ ಹಾಕಿದವರು ಅವರು. ಸುದ್ದಿ ನನಗೆ ಅವತ್ತೇ ಮುಟ್ಟಿತ್ತು. ಅವರ ಮಗಳಿಗೆ ಎರಡು ಸಾಲು ಸಂತಾಪ ಬರೆದು ಕಳಿಸಿ, ಕಚೇರಿಗೆ ಹೋಗಿದ್ದೆ.

"ನಿನ್ ಪಾಲಿಂದೂ ಸೇರ್ಸಿ ಒಂದು ಪಾತ್ರೆ ಅನ್ನ ಜಾಸ್ತಿ ಮಾಡ್ಕೊಂಡು ಹೋಗಿದ್ದೆ ಕಣಮ್ಮ," ಎಂದರು ಅಮ್ಮ. "ಸುಜಾತ ಯಾಕ್ ಬರ್ಲಿಲ್ಲ ಅಂತ ಎಲ್ರೂ ಕೇಳುದ್ರು."

"ಏನಂದೆ?"

"ಏನನ್ಲಿ? ದೂರ ಅವ್ಳೆ ಅಂದೆ."

ಫೋನ್ ಇಟ್ಟೆ. ಒಲೆಯ ಮುಂದಿನಿಂದ ಕಸ್ತೂರಕ್ಕ ತಲೆ ಎತ್ತಿ, "ಯಾರ ಹೋದ್ರು?" ಎಂದರು.

"ನಮ್ಮವರೇ, ಅಕ್ಕ. ಎದುರು ಮನೆಯವರು."

ಅವರು ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಹಂಗಾರ ನೀ ಇಲ್ಲೇನ ಮಾಡಾಕತ್ತಿ?"