ಜೇನು ಮುಟ್ಟದ ಹೂವು

ಪಕ್ಕದ ಮನೆಯ ಸಾಫ್ತಜ್ಜಿ ಐವತ್ತು ವರ್ಷದಿಂದ ನಮ್ಮೂರಿಗೆಲ್ಲ ಸೊಕಾಟಾ ಮಾಡಿ ಕುಡಿಸುತ್ತಿದ್ದವಳು. ಬೇಲಿಯ ಸೋಕ್ ಹೂವಿಗೆ ನಿಂಬೆ, ಸಕ್ಕರೆ, ನೀರು ಬೆರೆಸಿ ನಾಲ್ಕು ದಿನ ಬಿಸಿಲಿಗಿಟ್ಟರೆ ಆ ಪಾನಕ ತಾನೇ ನೊರೆಯೇಳುತ್ತದೆ. ಆದರೆ ಅದೇ ಬೇಲಿಯಲ್ಲಿ ಬೋಜ್ ಎನ್ನುವ ಗಿಡವೂ ಇದೆ. ಅದರದ್ದೂ ಅಂಥದೇ ಬಿಳಿ ಗೊಂಚಲು. ಕುಡಿದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬರುತ್ತದೆ. ಅಜ್ಜಿಯ ಎರಡು ಕಣ್ಣಿಗೂ ಈಗ ಪೊರೆ.

ಊರಿಗೆಲ್ಲ ಸೊಕಾಟಾ ಹಂಚುವ ಪೇತ್ರು ಹಬ್ಬಕ್ಕೆ ವಾರವಿತ್ತು. ಬುಟ್ಟಿ ಹಿಡಿದು ಹೊರಟ ಅಜ್ಜಿಯನ್ನು ಸೊಸೆ ದೊಯಿನಾ ಬಾಗಿಲಲ್ಲೇ ತಡೆದಳು. ಅವಳು ಗಲಾಟ್ಸ್ ಪೇಟೆಯ ಹುಡುಗಿ, ಬೇಲಿಯ ಗಿಡಗಳ ಪರಿಚಯವಿಲ್ಲ.

"ಈ ಸಲ ಬೇಡ ಅತ್ತೆ. ಊರ ಮಕ್ಕಳೆಲ್ಲ ಕುಡಿಯೋದು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಹೂವನ್ನ ಕಣ್ಣಿಂದ್ಲೇ ಗುರುತು ಹಿಡೀಬೇಕು ಅಂತ ಯಾರಂದ್ರು? ನೀನೂ ಬಾ. ಒಂದೇ ಒಂದು ಗೊಂಚಲು ತಪ್ಪಿದ್ರೂ ಇನ್ಮೇಲೆ ನಾನು ಬೇಲಿ ಕಡೆ ತಲೆ ಹಾಕಲ್ಲ."

ಇಂಥ ತಮಾಷೆ ಬಿಡುವವನು ನಾನಲ್ಲ. ನಮ್ಮ ಅಂಗಳದಿಂದ ಎಲ್ಲ ಕೇಳಿಸಿಕೊಂಡವನು ನಾನೂ ಹಿಂದೆಯೇ ಹೊರಟೆ.

ಬೇಲಿಯ ಬಳಿ ಅಜ್ಜಿ ನಿಂತು ಕಿವಿಗೊಟ್ಟಳು. ಒಂದು ಕಡೆ ಜೇನುಹುಳುಗಳು ಜುಂಯ್ ಎನ್ನುತ್ತಿದ್ದವು, ಮೇಲೆ ಚಿಟ್ಟೆಗಳು. "ಸಂತೆ ನೆರೆದಿದೆ. ಇದು ಬೋಜ್, ಮುಟ್ಬೇಡ." ಹತ್ತು ಹೆಜ್ಜೆ ಆಚೆ ಸದ್ದಿಲ್ಲ. ಒಂದಷ್ಟು ಸಣ್ಣ ನೊಣ, ಹೂವಿಗೆ ಮುಖ ಹುದುಗಿಸಿದ್ದ ಒಂದು ಹಸಿರು ಜೀರುಂಡೆ, ಅಷ್ಟೆ. "ಇದು ಸೋಕ್. ಇದ್ರಲ್ಲಿ ಮಕರಂದವೇ ಇಲ್ಲ, ಜೇನು ಯಾಕ್ ಬರ್ತಾವೆ? ಕೊಯ್ಯಿ."

ಅರ್ಧ ಬುಟ್ಟಿ ತುಂಬಿತು. ಅಷ್ಟರಲ್ಲಿ ಮೋಡ ಕವಿಯಿತು. ಮುಂದಿನ ಪೊದೆಯೂ ಮೌನವಾಗಿತ್ತು. "ಇದೂ ಸೋಕೇ" ಎಂದು ಅಜ್ಜಿ ತಾನೇ ಒಂದು ಗೊಂಚಲು ಕಿತ್ತಳು. ಅವಳ ಇನ್ನೊಂದು ಕೈ ಗಿಡದ ದಂಟಿನ ಮೇಲೆ ಇಳಿಯುತ್ತಾ ಅಲ್ಲೇ ನಿಂತಿತು. ಸೋಕ್ ಮರದ ಜಾತಿ, ಅದಕ್ಕೆ ತೊಗಟೆಯಿರುತ್ತದೆ. ಇದು ಈ ವರ್ಷ ನೆಲದಿಂದೆದ್ದ ಹಸಿ ದಂಟು. ಅವಳು ಗೊಂಚಲನ್ನು ಮೆಲ್ಲಗೆ ಕೆಳಗೆ ಹಾಕಿಬಿಟ್ಟಿದ್ದರೆ ನಮಗಿಬ್ಬರಿಗೂ ತಿಳಿಯುತ್ತಲೇ ಇರಲಿಲ್ಲ.

"ಇದು ಬೋಜ್" ಎಂದಳು. "ನಾನು ಸೋತೆ. ಇನ್ಮೇಲೆ ನೀನೇ ಬಾ ದೊಯಿನಾ."

ದೊಯಿನಾ ಒಮ್ಮೆ ಆಕಾಶ ನೋಡಿದಳು.

"ಮೋಡ ಬಂತು ಅಂತ ಜೇನು ಗೂಡಿಗೆ ಹೋದ್ರೆ ನಿಮ್ಮ ಕಿವಿದೇನು ತಪ್ಪು? ನನಗೆ ಎರಡು ಕಣ್ಣಿದ್ದೂ ಗೊತ್ತಾಗ್ಲಿಲ್ಲ. ಒಬ್ಬಳೇ ಬಂದ್ರೆ ಊರಿಗೆಲ್ಲ ಬೋಜ್ ಕುಡಿಸಿಬಿಡ್ತೀನಿ. ಕೂತ್ಕೊಳ್ಳಿ ಅತ್ತೆ, ಬಿಸಿಲು ಬರ್ಲಿ."

ಮೂವರೂ ಬೇಲಿಯ ಬುಡದಲ್ಲಿ ಕೂತು ಬಿಸಿಲಿಗೆ ಕಾದೆವು.