ನಾನು ಮುಚ್ಚಿಸಿದ ತಗ್ಗು

ಮೂವತ್ತು ವರ್ಷ ನಾನು ಹೈಸ್ಕೂಲು ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವನು. ನದಿಯ ಇಕ್ಕೆಲದ ಮೆಕ್ಕಲು ಮಣ್ಣು ಬಹಳ ಫಲವತ್ತಾದುದು ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆ ಮಣ್ಣಿನಲ್ಲಿ ಒಂದು ದಿನವೂ ಕಾಲಿಟ್ಟು ಕೆಲಸ ಮಾಡಿರಲಿಲ್ಲ ಎಂಬುದೊಂದನ್ನು ಬಿಟ್ಟರೆ, ಆ ವಿಷಯದಲ್ಲಿ ನನ್ನಷ್ಟು ತಿಳಿದವರು ಚಳ್ಳಕೆರೆ ತಾಲ್ಲೂಕಿನಲ್ಲೇ ಇರಲಿಲ್ಲ.

ನಿವೃತ್ತನಾದ ಮೇಲೆ ಈ ಜ್ಞಾನವನ್ನು ಸುಮ್ಮನೆ ಕೊಳೆಯಲು ಬಿಡಬಾರದೆಂದು ಪರಶುರಾಂಪುರದ ಕಡೆ ಇರುವ ನಮ್ಮ ಮೂರು ಎಕರೆಗೆ ಬಂದೆ. ಹೊಲ ವೇದಾವತಿಯ ದಂಡೆಗೇ ಅಂಟಿಕೊಂಡಿದೆ. ಆಗ ವೇದಾವತಿ ಎಂದರೆ ಬರೀ ಮರಳು, ಬಳ್ಳಾರಿ ಜಾಲಿ. ಸೇತುವೆಯ ಮೇಲೆ ಬೋರ್ಡು ಇದ್ದುದರಿಂದ ಅದು ನದಿ ಎಂದು ಗೊತ್ತಾಗುತ್ತಿತ್ತು. ನಮ್ಮ ಹೊಲದ ಮೇಲ್ಭಾಗ ಕೆಂಪು ಮಸಾರಿ, ಕೆಳಭಾಗ ಹೊಳೆ ತಂದು ಹಾಕಿದ ನುಣ್ಣನೆಯ ಕಪ್ಪು ಮಣ್ಣು. ಅದರ ನಡುವೆ ಹೊಳೆಯ ಗುಂಟ ಒಂದು ಉದ್ದನೆಯ ತಗ್ಗು. ಬೇಸಿಗೆಯಲ್ಲೂ ಅಲ್ಲಿ ಒಂದಿಷ್ಟು ಹಸಿರು ಹುಲ್ಲು ಇರುತ್ತಿತ್ತು. ಭಾವ ತೀರಿಕೊಂಡ ಮೇಲೆ ನಮ್ಮಕ್ಕ ಒಬ್ಬಳೇ ಸಾಕಿಕೊಂಡು ಬಂದ ಮೂವತ್ತು ಕುರಿಗಳಿಗೆ ಅದೇ ಆಸರೆ.

ನಾನು ಮಾಡಿದ ಮೊದಲ ಕೆಲಸ ಮಣ್ಣು ಪರೀಕ್ಷೆ. ಕಾರ್ಡು ಬಂತು. ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಅಕ್ಕನಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನೀರು ಎತ್ತಗೆ ಹೋಗ್ತೈತೆ ಅಂತ ಅದ್ರಾಗೆ ಬರ್ದೈತೇನೋ ತಮ್ಮಾ?"

"ಅದೆಲ್ಲ ಇದ್ರಾಗೆ ಬರಲ್ಲಕ್ಕ."

"ಹಂಗಾರೆ ಆ ತಗ್ಗಿನ ತಂಟೆಗೆ ಹೋಗಬ್ಯಾಡ."

ಓದುಬರಹ ಕಲಿಯದವಳ ಮಾತು ಎಂದು ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ. ಮರುವಾರವೇ ಜೆಸಿಬಿ ತರಿಸಿ ತಗ್ಗು ಮುಚ್ಚಿಸಿದೆ. ಹೊಳೆಯ ಕಡೆಗೆ ಎದೆಯೆತ್ತರದ ಬದು ಹಾಕಿಸಿದೆ. ನೆಲ ಕೇರಂ ಬೋರ್ಡಿನ ಹಾಗೆ ಸಮವಾಯಿತು. ಈರುಳ್ಳಿ ಬಿತ್ತಿದೆ, ಪೈರು ಸೊಗಸಾಗಿ ಎದ್ದಿತು. ಅಕ್ಕ ಕುರಿಗಳನ್ನು ಮೇಲೆ ಉಳುಮೆಯಿಲ್ಲದ ಬೀಳಿಗೆ ಹೊಡೆದುಕೊಂಡು ಹೋಗತೊಡಗಿದಳು.

ಗೆಡ್ಡೆ ಕಟ್ಟುವ ಹೊತ್ತಿಗೆ ಮೇಲ್ಗಡೆ ಜೋರು ಮಳೆಯಾಗಿ ಹೊಳೆಗೆ ತಾನು ಹೊಳೆ ಎಂಬುದು ನೆನಪಾಯಿತು. ಊರಿಗೆ ಊರೇ ನೋಡಲು ಹೋಯಿತು, ನಾನೂ ಹೋದೆ. ನನ್ನ ಬದು ಅರ್ಧ ದಿನ ತಡೆದು ನಿಂತಿತು, ಆಮೇಲೆ ನೀರು ಅದರ ಮೇಲೆ ಹರಿದು ಒಳಗೆ ಬಂತು. ಎರಡು ದಿನಕ್ಕೆ ಹೊಳೆ ಇಳಿಯಿತು. ಅಕ್ಕಪಕ್ಕದ ಹೊಲಗಳ ನೀರೂ ಅದರ ಹಿಂದೆಯೇ ಇಳಿದು ಹೋಯಿತು. ನನ್ನ ಹೊಲದ್ದು ಮಾತ್ರ ಹೋಗಲಿಲ್ಲ. ನೀರನ್ನು ಹೊರಗೆ ತಡೆಯಲು ಹಾಕಿಸಿದ್ದ ಬದು ಈಗ ಬಹಳ ನಿಷ್ಠೆಯಿಂದ ಅದನ್ನು ಒಳಗೆ ಹಿಡಿದುಕೊಂಡಿತ್ತು. ಹೋಗುವ ದಾರಿಯನ್ನಂತೂ ನಾನೇ ಮುಚ್ಚಿಸಿದ್ದೆ. ಎಂಟು ದಿನ ನಿಂತ ನೀರಿನಲ್ಲಿ ಈರುಳ್ಳಿ ಕೊಳೆತ ವಾಸನೆ ಬಸ್ ಸ್ಟಾಪಿನವರೆಗೂ ಹೋಗಿ ನನ್ನ ವೈಜ್ಞಾನಿಕ ಕೃಷಿಯ ಸುದ್ದಿ ಮುಟ್ಟಿಸಿತು.

ಇಷ್ಟಕ್ಕೇ ಬುದ್ಧಿ ಬಂದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಒಂದು ಮೂಲೆ ಬಿಟ್ಟು ಉಳಿದೆಡೆ ನೀರು ಇಂಗಿದ ಮೇಲೆ ಆ ಕೆಸರಿನಲ್ಲಿ ಹುಲ್ಲು ಚಿಗುರಿ ಎತ್ತರಕ್ಕೆ ಬೆಳೆಯಿತು. ಅದೇ ಸಮಯಕ್ಕೆ ಅಕ್ಕ ಮಗಳ ಹೆರಿಗೆಗೆಂದು ರಾಯದುರ್ಗಕ್ಕೆ ಹೊರಟಳು. ಕುರಿಗಳನ್ನು ನನಗೆ ಒಪ್ಪಿಸಿದಳು.

"ಬೀಳಿನಾಗೇ ಮೇಯ್ಸು. ಕೆಳಾಕೆ ಮಾತ್ರ ಬಿಡಬ್ಯಾಡ, ಗೊರಸು ಕೆಡ್ತಾವೆ."

"ಆಯ್ತಕ್ಕ, ನೀನು ಹೋಗ್ಬಾ."

ಮೂರು ದಿನ ಬೀಳಿನಲ್ಲೇ ಮೇಯಿಸಿದೆ. ಅಲ್ಲಿ ಕುರಿಗಳು ಒಣಕಡ್ಡಿ ಕಡಿಯುತ್ತಿದ್ದರೆ, ಕೆಳಗೆ ಮೊಣಕಾಲೆತ್ತರ ಹುಲ್ಲು ವ್ಯರ್ಥವಾಗುತ್ತಿತ್ತು. ನಾಲ್ಕನೆಯ ದಿನ ಬಿಟ್ಟೆ. ಅವು ಆಸೆಯಿಂದ ಮೇಯುವುದನ್ನು ನೋಡಿ, ಅಕ್ಕನಿಗೆ ಇಷ್ಟು ವರ್ಷ ಕುರಿ ಮೇಯಿಸುವುದೇ ಗೊತ್ತಿರಲಿಲ್ಲ ಎಂದುಕೊಂಡೆ.

ವಾರದೊಳಗೆ ಒಂದು ಕುಂಟಿತು. ಆಮೇಲೆ ಆರು. ಅಕ್ಕ ಬರುವ ಹೊತ್ತಿಗೆ ಹನ್ನೊಂದು ಕುರಿಗಳು ಕುಂಟುತ್ತಿದ್ದವು. ಅವುಗಳಲ್ಲಿ ಎರಡಂತೂ ಮುಂಗಾಲು ಮಡಚಿ ಮೊಣಕಾಲ ಮೇಲೆ ನಿಂತು ಮೇಯುತ್ತಿದ್ದವು.

ಅವಳು ಕೈಯಲ್ಲಿದ್ದ ಚೀಲವನ್ನೂ ಇಳಿಸಲಿಲ್ಲ. ಕುರಿಹಟ್ಟಿಯ ಬಾಗಿಲಲ್ಲಿ ನಿಂತು ಒಂದು ಸಲ ನೋಡಿದಳು. ಬೈಯುತ್ತಾಳೆಂದು ಕಾದೆ. ಮೈಲುತುತ್ತ ತರಿಸಿ ನೀರಿಗೆ ಕಲಸಿದಳು. ಒಂದೊಂದೇ ಕುರಿಯನ್ನು ಕೆಡವಿ, ಗೊರಸಿನ ಸಂದಿಯ ಕೊಳಕು ಕೆರೆದು ತೆಗೆದು, ತೊಳೆದಳು. ನಾನು ಹಿಡಿದುಕೊಳ್ಳಲು ಹೋದರೆ, "ಬ್ಯಾಡ ಬಿಡಪ್ಪ, ಕೈ ಗಲೀಜಾಗ್ತಾವೆ" ಎಂದಳು. ಮೂವತ್ತು ವರ್ಷದ ಸರ್ವಿಸ್‌ನಲ್ಲಿ ಯಾವ ಇನ್‌ಸ್ಪೆಕ್ಟರೂ ನನ್ನನ್ನು ಅಷ್ಟು ಸಣ್ಣವನನ್ನಾಗಿ ಮಾಡಿರಲಿಲ್ಲ. ಹಟ್ಟಿಯ ಹಿಂದೆ ಹೋಗಿ ನಿಂತೆ. ಕಣ್ಣಲ್ಲಿ ನೀರು ಬಂತು. ಮೈಲುತುತ್ತದ ಘಾಟು ಎಂದು ನನಗೆ ನಾನೇ ಹೇಳಿಕೊಂಡೆ. ಅದಕ್ಕೆ ಘಾಟಿಲ್ಲವೆಂದು ನನಗೆ ಗೊತ್ತಿತ್ತು.

ಒಂಬತ್ತು ಸುಧಾರಿಸಿದವು. ಎರಡು ಉಳಿಯಲಿಲ್ಲ. ಅವುಗಳಲ್ಲಿ ಒಂದು ಗಬ್ಬದ ಕುರಿ.

ಅದು ಸತ್ತ ಮರುದಿನ ಸಲಿಕೆ ಹಿಡಿದು ಬದುವಿನ ಹತ್ತಿರ ಹೋದರೆ ಅಕ್ಕ ಆಗಲೇ ಅಲ್ಲಿದ್ದಳು. ಇಬ್ಬರೂ ಕೂಡಿ ಬದು ಕಡಿದೆವು. ಮೂಲೆಯಲ್ಲಿ ಇನ್ನೂ ನಿಂತಿದ್ದ ಕೊಳಕು ನೀರು ಸರಸರ ಹೊಳೆಗೆ ಇಳಿಯಿತು. ಆಮೇಲೆ ಅದೇ ಜೆಸಿಬಿಯವನು ಬಂದು ತಾನೇ ಮುಚ್ಚಿದ್ದ ತಗ್ಗನ್ನು ತೆಗೆದ. "ಸಾರ್, ಮತ್ತೆ ಮುಚ್ಚೋದಿದ್ರೆ ಹೇಳ್ರಿ" ಎಂದು ವಿನಯದಿಂದ ನಂಬರನ್ನೂ ಕೊಟ್ಟ.

ಈಗ ಮೇಲಿನ ಮಸಾರಿಯಲ್ಲಿ ಶೇಂಗಾ, ಕೆಳಗೆ ಹುಲ್ಲು. ನೀರು ನಿಂತಿದ್ದ ಮೂಲೆಯಲ್ಲಿ ಸೌಳು ಉಪ್ಪು ಬಿಳಿಯಾಗಿ ಎದ್ದು, ಏನೂ ಬೆಳೆಯುವುದಿಲ್ಲ. ಮಳೆ ಬಂದು ಹೋದ ಮೇಲೆ ಕುರಿ ಯಾವಾಗ ಇಳಿಸಬೇಕೆಂದು ಅಕ್ಕನೇ ಹೇಳುತ್ತಾಳೆ. ಹಿಮ್ಮಡಿ ಊರಿ ತೆಗೆಯುತ್ತಾಳೆ. ಗುಳಿಯಲ್ಲಿ ನೀರು ಜಿನುಗಿದರೆ ಕುರಿಗಳು ಬೀಳಿಗೆ. ಹೋದ ವಾರ ನಾನೇ ಮುಂದಾಗಿ ಹಿಮ್ಮಡಿ ಊರಿ, ನೋಡಿ, "ಒಣಗೈತಕ್ಕ, ಬಿಡಬೌದು" ಎಂದೆ.

ಅಕ್ಕ "ಹೌದೇನಪ್ಪ" ಎಂದಳು. ಚಪ್ಪಲಿ ಬಿಟ್ಟು, ನನ್ನ ಗುಳಿಯ ಪಕ್ಕದಲ್ಲೇ ತನ್ನ ಹಿಮ್ಮಡಿ ಊರಿದಳು.