ತೋಳದ ಬಾಣಂತನ

ಕೀನ್ಯಾದ ಮಸಾಯಿ ಹುಲ್ಲುಗಾವಲಿನಲ್ಲಿ ಮುದುಕ ದನಗಾಹಿಯೊಬ್ಬ ಹಸಿದ ಹಸುಗಳನ್ನು ಸೊಂಪಾದ ಹುಲ್ಲಿನಿಂದ ಹಿಂದಕ್ಕೆ ಅಟ್ಟುತ್ತಿದ್ದ. ಅಲ್ಲಿ ಚೀತಾ ಮರಿ ಹಾಕಿದೆ, ಅವು ಓಡಾಡುವವರೆಗೆ ಯಾರೂ ಮೇಯಿಸಬಾರದೆಂದು ಊರವರೇ ಕಟ್ಟುಪಾಡು ಮಾಡಿಕೊಂಡಿದ್ದಾರೆ ಎಂದ ನಮ್ಮ ಜೀಪಿನ ಚಾಲಕ.

ಮಡಕಶಿರಾ ಬಳಿಯ ಅಮರಾಪುರದಲ್ಲಿ ಕುರಿ ಕಾಯ್ದು ಬೆಳೆದ, ಜೀಪಿನಲ್ಲಿ ನನ್ನ ಪಕ್ಕ ಕೂತಿದ್ದ ಸೋದರತ್ತೆಯ ಮುಖ ಅರಳಿತು. “ನಮ್ಮಪ್ಪಾನೂ ಹಿಂಗೇ ಕಣೋ. ತ್ವಾಳ ಮರಿ ಹಾಕಿದ್ರೆ ಆ ಗುಡ್ಡದ ಕಡೀಕೆ ಕುರಿ ಬಿಡ್ತಿರ್ಲಿಲ್ಲ. ಅದೂ ಬಾಣಂತಿ ಅಲ್ವೇನಮ್ಮ ಅಂತಿದ್ದ.”

ಮೂವರೂ ಜೀಪಿನಿಂದ ಇಳಿದೆವು; ನಾನೂ ಚಾಲಕನೂ ಸೇರಿ ಅದನ್ನು ಮುದುಕನಿಗೆ ಅವನ ಭಾಷೆಯಲ್ಲಿ ತಿಳಿಸಿದೆವು. ಆ ತೋಳಗಳು ಈಗಲೂ ಇವೆಯೇ ಎಂದು ಅವನು ಕೇಳಿದ.

“ಅಪ್ಪ ಹೋದ್ಮ್ಯಾಲೆ ನಾವೇ ಗವಿಗೆ ಹೊಗೆ ಹಾಕಿ ಓಡ್ಸಿದ್ವಿ ಅಂತ ಹೇಳೋ,” ಎಂದಳು ಅತ್ತೆ.

ಅದನ್ನೂ ಕೇಳಿಸಿಕೊಂಡ ಮುದುಕ ತನ್ನ ಕೋಲನ್ನು ಅವಳಿಗೆ ಕೊಟ್ಟ. ಹುಲ್ಲಿನತ್ತ ನುಗ್ಗುತ್ತಿದ್ದ ಕರುವನ್ನು ಅವಳೇ ತಿರುಗಿಸಿದಳು.